ಹಠವೂ ಸ್ಥೈರ್ಯವೂ

ತಾನು ನಡೆದ ಮಾರ್ಗವನ್ನು ಬದಲಿಸಿಕೊಂಡವನನ್ನು ಚಂಚಲಚಿತ್ತನೆನ್ನಬೇಕೆ, ವಿವೇಕಿಯೆನ್ನಬೇಕೆ? ಉತ್ತರಕ್ಕಾಗಿ ಶಾಸ್ತ್ರಗ್ರಂಥಗಳನ್ನು ತೆರೆಯದೆ ವಾಚಕರನ್ನು ಅಮೆರಿಕದ ಒಂದು ಆಟದ ಅಂಗಳಕ್ಕೆ ಕರೆದೊಯ್ಯುತ್ತಿದ್ದೇನೆ, ಕ್ಷಮೆಯಿರಲಿ.

ಜಾನ್ ವುಡನ್ ಎಂಬಾತನು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೆ ಬಾಸ್ಕೆಟ್‌ಬಾಲ್ ಶಿಕ್ಷಕನಾಗಿ ಬಂದುದು ೧೯೪೮ರಲ್ಲಿ. ಆತನ ತಂಡಕ್ಕೆ ಮೊದಲ ರಾಷ್ಟ್ರಪ್ರಶಸ್ತಿ ದೊರೆತುದು ೧೯೬೪ರಲ್ಲಿ. ನಡುವಣ ಕಾಲವು ಅಲ್ಪವಲ್ಲ. ೧೯೫೯–೬೦ರಲ್ಲಿ ಗೆಲವು ೧೪, ಸೋಲು ೧೨. ದಿನದಿನದ ಅಭ್ಯಾಸವನ್ನು ಬರೆದಿಡುವ ವಾಡಿಕೆಯಿದ್ದ ಆತನು ಆಗ ಪರರನ್ನು ದೂಷಿಸದೆ ತನ್ನ ಬರಹಗಳನ್ನೇ ತಿರುವಿಹಾಕಿ ತನ್ನ ಬೋಧನೆಯಲ್ಲಿ ದೋಷವನ್ನು ಹುಡುಕಿದನು. ಅದು ಸುಲಭದ ಕೆಲಸವೆಂದು ಉಪಾಧ್ಯಾಯವೃತ್ತಿಯವರಾರೂ ಹೇಳಲಾರರು.

ಎದುರಾಳಿಗಳನ್ನು ಅಂಗಳದ ಉದ್ದಕ್ಕೂ ಮುತ್ತಿ, ಚೆಂಡನ್ನು ಮುಂದೆ ತರಗೊಡದ ಒಂದು ವ್ಯೂಹವುಂಟು. ವುಡನ್ ಅದನ್ನು ಹಿಂದೆ ಪ್ರಯೋಗಿಸಿ ಕೈಬಿಟ್ಟಿದ್ದನು. ಮತ್ತೆ ಹಿಡಿಯಬೇಕೆಂದು ಒತ್ತಾಯಪಡಿಸಿದವನು ಸಹಾಯಕನಾದ ಜೆರಿ ನಾರ್ಮನ್. ಒಂದು ಕಾಲದಲ್ಲಿ ಆತನ ಕೈಕೆಳಗೆ ಆಡಿದ್ದ ಶಿಷ್ಯನೇ. ಗುರುವು ಮಣಿದನು. ಆರು ಅಡಿ ಐದು ಅಂಗುಲಕ್ಕಿಂತ ಎತ್ತರದವನೊಬ್ಬನೂ ಇಲ್ಲದ ಮೊದಲ ಐವರನ್ನಿಟ್ಟುಕೊಂಡು ಆ ವರ್ಷ ೩೦ ಪಂದ್ಯಗಳಲ್ಲಿ ೩೦ನ್ನೂ ಗೆದ್ದನು. ಮುಂದೆ ಏಳಡಿ ಮೀರಿದ ಆಲ್ಸಿಂಡರ್ ಬಂದಾಗ ಆಕ್ರಮಣದ ಕ್ರಮವನ್ನೆಲ್ಲ ಆ ತರುಣನಿಗೆ ಹೊಂದುವಂತೆ ತಿರುಗಿಸಿದನು. ಅವನು ೧೯೬೯ರಲ್ಲಿ ಹೊರಟುಹೋದ ಮೇಲೆ ಹಳೆಯ ಕ್ರಮಕ್ಕೆ ಮರಳಿ, ೧೯೭೦ರಲ್ಲಿಯೂ ಗೆದ್ದನು. ೧೯೭೫ರಲ್ಲಿ ನಿವೃತ್ತನಾಗುವಾಗ ಪ್ರಶಸ್ತಿಗಳು ಹತ್ತು.

ಇಷ್ಟೇ ಆಗಿದ್ದರೆ ಆತನನ್ನು ಚತುರನೆಂದು ಹೇಳಿ ಸುಮ್ಮನಾಗಬಹುದಾಗಿತ್ತು. ಆದರೆ ೧೯೪೭ರಲ್ಲಿ, ಇಂಡಿಯಾನದಲ್ಲಿದ್ದಾಗ, ರಾಷ್ಟ್ರೀಯ ಸ್ಪರ್ಧೆಯೊಂದರಿಂದ ಆಹ್ವಾನ ಬಂದಿತು. ತಂಡದ ಕ್ಲಾರೆನ್ಸ್ ವಾಕರನಿಗೆ ಮಾತ್ರ, ಮೈಬಣ್ಣದ ಕಾರಣದಿಂದ, ಪ್ರವೇಶವಿರಲಿಲ್ಲ. ವುಡನ್ ಆಹ್ವಾನವನ್ನೇ ನಿರಾಕರಿಸಿದನು. ಮರುವರ್ಷ ಆ ನಿಷೇಧ ತೊಲಗಿ ವಾಕರ್ ಆಡಿದನು. ವ್ಯೂಹವನ್ನು ಬದಲಿಸಬಲ್ಲವನು ಇಲ್ಲಿ ಬದಲಾಗಲಿಲ್ಲ. ಸಾಧನವಾವುದು, ಧರ್ಮವಾವುದು ಎಂಬ ಭೇದವನ್ನು ಬಲ್ಲವನಿಗೇ ಬದಲಾವಣೆಯು ಶೋಭಿಸುವುದೆಂದು ನನಗೆ ತೋರುತ್ತದೆ.

ಆದರೂ ಆ ಭೇದವು ಎಲ್ಲೆಡೆಯೂ ಸ್ಪಷ್ಟವೆ? ಪ್ರತಿವರ್ಷದ ಮೊದಲ ಪಾಠ, ಬೊಬ್ಬೆಯೇಳದಂತೆ ಕಾಲುಚೀಲ ತೊಡುವ ಬಗೆ, ಅದಕ್ಕೆ ಕಾರಣವಿತ್ತು. ಗಡ್ಡ, ನೀಳಗೂದಲುಗಳ ನಿಷೇಧಕ್ಕೆ ಅಷ್ಟೇ ಬಲವಾದ ಕಾರಣವಿತ್ತೆಂದು ನಾನು ಒಪ್ಪಲಾರೆ. ಬಿಲ್ ವಾಲ್ಟನ್ ಎಂಬ ಅಪ್ರತಿಮ ಆಟಗಾರನು, ಅದು ತನ್ನ ಹಕ್ಕೆಂದು ವಾದಿಸಿದನಂತೆ. ನಿನ್ನ ನಂಬಿಕೆಯನ್ನು ಮೆಚ್ಚಿದೆ, ನೀನಿಲ್ಲದ ಕೊರತೆ ನಮಗೆ ತಿಳಿದೀತು ಎಂದಷ್ಟೇ ವುಡನ್ ನುಡಿದನು. ವಾಲ್ಟನ್ ಸೈಕಲ್ಲನ್ನೇರಿ ಕ್ಷೌರದಂಗಡಿಗೆ ಧಾವಿಸಿದನು.