ಮುಹೂರ್ತ ಮತ್ತು ಟೈಮಿಂಗ್

ಒಳ್ಳೆಯ ಹೊತ್ತೆಂಬುದು ಕಾಲದಲ್ಲಿದೆಯೋ, ಮಾಡುವ ಕೆಲಸದಲ್ಲಿದೆಯೋ? ಗಳಿಗೆಗೇ ಶುಭಾಶುಭಗಳಿವೆ ಎಂಬುದು ಪಂಚಾಂಗದ ಉತ್ತರ. 12ನೆಯ ಶತಮಾನದ ಶರಣರು ಅದನ್ನು ಒಪ್ಪಲಿಲ್ಲ. ಬಸವಣ್ಣನ ವಚನಗಳಲ್ಲಿ ವಾರ, ಲಗ್ನಗಳ ಲೆಕ್ಕಾಚಾರಕ್ಕೆ ಬೆಲೆಯಿಲ್ಲ. ಆದರೂ ಆತನ ಹುಟ್ಟೂರೆಂದು ಹೆಸರಾದ ಬಸವನ ಬಾಗೇವಾಡಿಯಲ್ಲಿ, ನೆರೆಯ ಮುದ್ದೇಬಿಹಾಳ, ಸಿಂದಗಿಗಳಲ್ಲಿ ಹೊಸ ಗಾಡಿ ಮನೆಗೆ ಬರುವುದು ಮುಹೂರ್ತ ನೋಡಿಯೇ. ಅಮಾವಾಸ್ಯೆಗೆ, ಖಂಡೇಪೂಜೆಗೆ ಕಾಯಿ ಒಡೆದು ಗಾಲಿಯಡಿ ಲಿಂಬೆಹಣ್ಣು ಇಡುತ್ತಾರೆ.

ಹೀಗೆ ಪೂಜೆಗೊಳ್ಳುವ ಗಾಡಿ ಹಳೆಯ ಪೆಟ್ರೋಲು ಅಂಬಾಸಿಡರ್ ಆಗಿದ್ದರೆ ಬಾನೆಟ್ಟಿನ ಕೆಳಗೆ ಹೊತ್ತಿನ ಇನ್ನೊಂದು ಲೆಕ್ಕ ನಡೆದಿರುತ್ತದೆ. ಕಿಡಿ ತಗುಲಿದ ಪೆಟ್ರೋಲು-ಗಾಳಿ ಮಿಶ್ರಣ ಉರಿದು ಒತ್ತಡ ತುಂಬಲು ಸುಮಾರು 2 ಮಿಲಿಸೆಕೆಂಡು ಹಿಡಿಯುತ್ತದೆ. ಹಾಗಾಗಿ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಎಷ್ಟು ಮೊದಲು ಎಂಬುದು ವೇಗಕ್ಕೆ ಬಿಟ್ಟದ್ದು. ಅಷ್ಟು ಸಮಯದಲ್ಲಿ ಕ್ರ್ಯಾಂಕ್, ನಿಮಿಷಕ್ಕೆ 750 ಸುತ್ತಿನಲ್ಲಿ 9 ಡಿಗ್ರಿ ತಿರುಗಿದರೆ 3000 ಸುತ್ತಿನಲ್ಲಿ 36 ಡಿಗ್ರಿ ತಿರುಗುತ್ತದೆ. ವೇಗ ಏರಿದಂತೆ, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ಸಣ್ಣ ತೂಕಗಳು ಹೊರಗೆ ಸರಿದು ಕಿಡಿಯನ್ನು ಮುಂಚಿತವಾಗಿಸುತ್ತವೆ.

ಮೆಕ್ಯಾನಿಕ್ ಮೊದಲು ಪಾಯಿಂಟಿನ, ಅಂದರೆ ಡಿಸ್ಟ್ರಿಬ್ಯೂಟರಿನೊಳಗೆ ಬಿಟ್ಟೊಡನೆ ಕಿಡಿ ಹಾರಿಸುವ ಸ್ವಿಚ್ಚಿನ, ಗ್ಯಾಪ್ ನೋಡುತ್ತಾನೆ. ಅಂಬಾಸಿಡರಿಗೆ ಸುಮಾರು 0.4 ಮಿ.ಮೀ. ಅದು ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಬಳಿಕ ಒಂದನೇ ಪ್ಲಗ್ ಬಿಚ್ಚಿ, ತೂತಿನ ಮೇಲೆ ಹೆಬ್ಬೆರಳಿಟ್ಟು ಇಂಜಿನ್ ತಿರುಗಿಸುತ್ತಾನೆ. ಇಂಜಿನ್ನಿನ ಒಂದು ಸರದಿಯಲ್ಲಿ ಕ್ರ್ಯಾಂಕಿನ ಪುಲ್ಲಿಯ ಮೇಲಿನ ಟೈಮಿಂಗ್ ಗುರುತು ಎರಡು ಸಲ ಎದುರಾಗುತ್ತದೆ. ಒಮ್ಮೆ ಒಳಗಿನ ಗಾಳಿ ಬೆರಳನ್ನು ತಳ್ಳುತ್ತದೆ, ಇನ್ನೊಮ್ಮೆ ತಳ್ಳುವುದಿಲ್ಲ. ಕಣ್ಣಿಗೆ ಎರಡೂ ಒಂದೇ. ಯಾವುದು ಹೊತ್ತು ಎಂದು ಬೆರಳೇ ಹೇಳಬೇಕು. ತಳ್ಳಿದ ಸಲದ ಗುರುತಿಗೆ ಇಂಜಿನ್ ನಿಲ್ಲಿಸಿ, ಕೀ ಆನ್ ಮಾಡಿ, 12 ವೋಲ್ಟ್ ಬಲ್ಬಿನ ಒಂದು ವೈರನ್ನು ಪಾಯಿಂಟಿಗೂ ಇನ್ನೊಂದನ್ನು ಬಾಡಿಗೂ ಸೇರಿಸುತ್ತಾನೆ. ಡಿಸ್ಟ್ರಿಬ್ಯೂಟರನ್ನು ಮೆಲ್ಲಗೆ ತಿರುಗಿಸಿದರೆ, ಪಾಯಿಂಟ್ ಬಿಟ್ಟೊಡನೆ ಬಲ್ಬು ಹತ್ತುತ್ತದೆ. ಅಲ್ಲಿಗೆ ಬೋಲ್ಟು ಬಿಗಿ.

ಇಷ್ಟಕ್ಕೇ ಪಂಚಾಂಗದ ವಾದ ಬಿದ್ದುಹೋಯಿತೆಂದರೆ ಅವಸರವಾದೀತು. ಹಸ್ತ, ಚಿತ್ತ ಮುಂತಾದ ಮಳೆನಕ್ಷತ್ರಗಳು ಸೂರ್ಯನ ಸ್ಥಾನವನ್ನು, ಅಂದರೆ ಋತುವನ್ನು ಹೇಳುತ್ತವೆ; ಈ ಸೀಮೆಯ ಎರೆಹೊಲದ ಹಿಂಗಾರಿ ಬಿಳಿಜೋಳಕ್ಕೆ ಆ ಲೆಕ್ಕ ಬೇಕೇ ಬೇಕು. ಆದರೆ ಕೂರಿಗೆ ಹೂಡುವ ದಿನ ತೀರ್ಮಾನವಾಗುವುದು ಮುಷ್ಟಿಯಲ್ಲಿ ಹಿಡಿದ ಮಣ್ಣಿನ ಹದದಿಂದ. ನಕ್ಷತ್ರ ಪುಲ್ಲಿಯ ಗುರುತಿನ ಹಾಗೆ, ಎಲ್ಲಿಂದ ಹುಡುಕಬೇಕೆಂದು ತೋರಿಸಿ ಸುಮ್ಮನಾಗುತ್ತದೆ. ರಾಹುಕಾಲಕ್ಕೆ ಈ ರಿಯಾಯಿತಿ ಸಲ್ಲದು. ದಿನದ ಒಂದು ಪಾಲನ್ನು ಕೆಟ್ಟದ್ದೆನ್ನುವ ಅದು, ಕೆಲಸ ಏನು, ಹೊಲ ಯಾರದು ಎಂದು ಕೇಳುವುದೇ ಇಲ್ಲ. ಶರಣರ ಆಕ್ಷೇಪ ನಿಜಕ್ಕೂ ನಾಟುವುದು ಇಲ್ಲಿ.

ಪುಲ್ಲಿಯ ಗುರುತಿಗೂ ಕಾಲದ ಮಿತಿಯಿದೆ. ಹಳೆಯ ಕೈಪಿಡಿಯ ಡಿಗ್ರಿ ಆ ದಿನಗಳ ಪೆಟ್ರೋಲಿಗೆ ಬರೆದದ್ದು; ಸೀಸ ಬೆರೆಸಿದ ಪೆಟ್ರೋಲು 2000ದಲ್ಲಿ ನಿಂತಿತು, ಈಗಿನದರಲ್ಲಿ ಎಥೆನಾಲ್ ಇದೆ. ಆದ್ದರಿಂದ ಗಾಡಿಯನ್ನು ರಸ್ತೆಗೆ ತಂದು, ಟಾಪ್ ಗೇರಿನಲ್ಲಿ ಎಕ್ಸಿಲರೇಟರ್ ತುಳಿದು ಕಿವಿಗೊಡಬೇಕು. ಟಕಟಕ ಎಂದು ನಾಕಿಂಗ್ ಬಂದರೆ ಕಿಡಿ ಬೇಗ ಹಾರುತ್ತಿದೆ. ಎಳೆತ ಮಂಕಾಗಿ ಇಂಜಿನ್ ಕಾದರೆ ತಡವಾಗುತ್ತಿದೆ. ಬಿಸಿ ಗಾಳಿ ನಾಕಿಂಗನ್ನು ಹೆಚ್ಚಿಸುವುದರಿಂದ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರ ಜಿಲ್ಲೆಯಲ್ಲಿ, ಚಳಿಗಾಲಕ್ಕೆ ಸರಿಹೋದ ಟೈಮಿಂಗನ್ನು ಏಪ್ರಿಲ್ ಹೊತ್ತಿಗೆ ತುಸು ಹಿಂದೆ ಸರಿಸಬೇಕಾಗಬಹುದು.