ಕೆಟ್ಟ ಮಣ್ಣೂ ಅಣಬೆಯೂ

ಖಾನಾಪುರ ತಾಲೂಕಿನ ಹಲಸಿಯು ಪೂರ್ವದಲ್ಲಿ ಪಲಾಶಿಕಾ ಎಂಬ ಹೆಸರಿನಿಂದ ಕದಂಬ ಅರಸರ ಮುಖ್ಯ ಪಟ್ಟಣಗಳಲ್ಲೊಂದಾಗಿತ್ತು. ಅಲ್ಲಿ ದೊರೆತ ತಾಮ್ರಪಟಗಳಲ್ಲಿ ಅರಸರು ಹೊಲಗಳನ್ನು ದಾನಕೊಟ್ಟ ಸಂಗತಿಯೂ ಆ ಭೂಮಿಯನ್ನು ಅಪಹರಿಸುವವನಿಗೆ ಪಾಪ ತಟ್ಟುವದೆಂಬ ಎಚ್ಚರಿಕೆಯೂ ಉಂಟು. ಆದರೆ ಒಬ್ಬನು ಬಾಂದಿನ ಕಲ್ಲನ್ನು ಮುಟ್ಟದೆ ಮಣ್ಣನ್ನೇ ಕೆಡಿಸಿದರೆ ಅವನಿಗೇನನ್ನೋಣ?

ಇದು ಬರೀ ಊಹೆಯ ಮಾತಲ್ಲ. ಟ್ರ್ಯಾಕ್ಟರಿನ ಇಂಜಿನಿನಿಂದ ತೆಗೆದ ಕರೀ ಎಣ್ಣೆಯನ್ನು ಬದುವಿನ ಮೇಲೆ ಚೆಲ್ಲಿಬಿಡುವವರುಂಟು. ಎಣ್ಣೆ ಕುಡಿದ ಮಣ್ಣಿನೊಳಗೆ ನೀರೂ ಗಾಳಿಯೂ ಸರಿಯಾಗಿ ಇಳಿಯವು. ಬೀಜವು ಚೆನ್ನಾಗಿ ಮೊಳೆಯದು. ಮಳೆ ಬಂದರೆ ಅದು ನೆರೆಯವನ ಗದ್ದೆಗೂ ಹರಿಯುವದು.

ಇದಕ್ಕೆ ಮದ್ದುಂಟೋ? ಉಂಟು. ಮಳೆಗಾಲದಲ್ಲಿ ಖಾನಾಪುರದ ಕಾಡಿನೊಳಗೆ ಬಿದ್ದ ಮರಗಳ ಮೇಲೆ ಅಣಬೆ ಏಳುವದನ್ನು ನಾವು ಕಂಡಿದ್ದೇವೆ. ಅವುಗಳಲ್ಲಿ ಕೆಲವು ಜಾತಿಯವು ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಪದಾರ್ಥವನ್ನು ಒಡೆಯುವ ಕಿಣ್ವಗಳನ್ನು ಸುರಿಸುತ್ತವೆ. ಎಣ್ಣೆಯ ಕೆಲವು ಅಂಶಗಳ ರಚನೆಯು ಲಿಗ್ನಿನನ್ನು ಹೋಲುವದರಿಂದ ಅದೇ ಕಿಣ್ವಗಳು ಅವುಗಳನ್ನೂ ಮುರಿಯುತ್ತವೆ. ಇಂಥ ಒಂದು ಶಿಲೀಂಧ್ರವು ಡಿ.ಡಿ.ಟಿ.ಯಂಥ ವಿಷವನ್ನೂ ಒಡೆಯುವದೆಂದು ಅಮೇರಿಕದ ವಿಜ್ಞಾನಿಗಳು 1985ರಲ್ಲಿ ತೋರಿಸಿದರು. 2007ರಲ್ಲಿ ಸಾನ್‌ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಹಡಗೊಂದು ಸೇತುವೆಗೆ ತಗಲಿ ಎಣ್ಣೆ ಚೆಲ್ಲಿದಾಗ, ಜನರು ಕೂದಲಿನ ಚಾಪೆಗಳಿಂದ ಅದನ್ನು ಹೀರಿಸಿ, ಆ ಚಾಪೆಗಳ ಮೇಲೆ ಚಿಪ್ಪಣಬೆಯನ್ನು ಬೆಳೆಸಿ ನೋಡಿದರು. ನಮ್ಮ ಭತ್ತದ ಹುಲ್ಲಿನಲ್ಲಿಯೂ ಬೆಳೆಯುವ ಅಣಬೆ ಅದು.

ಹಾಗಾದರೆ ಚೆಲ್ಲಿದರೇನು, ಅಣಬೆ ತಿನ್ನುವದಲ್ಲವೇ ಎಂದು ಒಬ್ಬನು ಹೇಳಾನು. ಊರಲ್ಲಿ ವೈದ್ಯನಿದ್ದಾನೆಂದು ನೆರೆಯವನ ಕಾಲು ಮುರಿಯಬಹುದೋ? ಅಣಬೆಯ ಕೆಲಸಕ್ಕೆ ತಿಂಗಳುಗಳು ಬೇಕು. ಎಣ್ಣೆಯೆಲ್ಲವನ್ನೂ ಅದು ತಿನ್ನದು. ಹಳೇ ಎಣ್ಣೆಯಲ್ಲಿ ಬೆರೆತ ಲೋಹಗಳನ್ನಂತೂ ಯಾವ ಅಣಬೆಯೂ ನಾಶಮಾಡಲಾರದು. ಅವು ಅಣಬೆಯ ಮೈಯಲ್ಲಿಯೇ ಸೇರಬಹುದಾದ್ದರಿಂದ ಅಂಥಲ್ಲಿ ಎದ್ದದ್ದನ್ನು ಉಣ್ಣಬಾರದು.

ಇನ್ನೊಬ್ಬನು, ಕೆಟ್ಟದ್ದು ಕೆಟ್ಟಿತು, ಇನ್ನೇನು ಮಾಡಲಾದೀತು ಎಂದು ಕೈಕಟ್ಟಿ ಕೂಡ್ರುವನು. ಈ ಅರಿವು ಬಂದ ಮೇಲೆ ಅವನ ನೆವವೂ ಉಳಿಯಲಿಲ್ಲ. ಮದ್ದು ತಿಳಿಯದ ಕಾಲದಲ್ಲಿ ಸುಮ್ಮನಿದ್ದವನನ್ನು ಕ್ಷಮಿಸಬಹುದಾಗಿತ್ತು. ತಿಳಿದೂ ಸುಮ್ಮನಿದ್ದರೆ ಆ ಹೊರೆ ನಮ್ಮ ಮೇಲೆಯೇ ಬರುವದು.

ಹೀಗಿರಲಾಗಿ, ಹಳೇ ಎಣ್ಣೆಯನ್ನು ನೆಲಕ್ಕೆ ಚೆಲ್ಲದೆ ಡಬ್ಬಿಯಲ್ಲಿ ಕೂಡಿಟ್ಟು, ಅದನ್ನು ಶುದ್ಧಿಮಾಡಲು ಪರವಾನಗಿ ಉಳ್ಳವರಿಗೆ ಮುಟ್ಟಿಸೋಣ. ಚೆಲ್ಲಿಹೋದಲ್ಲಿ, ಯಾರು ಚೆಲ್ಲಿದರೆಂಬ ಜಗಳ ಮುಗಿಯುವ ತನಕ ಕಾಯದೆ, ಬಲ್ಲವರನ್ನು ಕೇಳಿ ಮಣ್ಣನ್ನು ಸರಿಪಡಿಸಲು ತೊಡಗೋಣ. ಯಾಕಂದರೆ ಹೊಲವನ್ನು ಕೆಡಿಸಿದವನು ಬಾಂದಿನ ಕಲ್ಲನ್ನು ಸರಿಸದಿದ್ದರೂ ಮುಂದೆ ಅದನ್ನು ಉಳುವವನ ಅನ್ನವನ್ನು ಅಪಹರಿಸಿದವನೇ.