ಅಧಿರಥನ ಮಗ



ಮಕ್ಕಳಿಲ್ಲದ ಮನೆಯ ದುಃಖ ಎಂದರೆ ನಮಗೆ ಹೆಣ್ಣುಮಗಳ ಕಣ್ಣೀರಷ್ಟೇ ಕಾಣುತ್ತದೆ. ಹರಕೆ ಅವಳದು, ಉಪವಾಸ ಅವಳದು, ಅರಳಿಕಟ್ಟೆ ಸುತ್ತುವುದೂ ಅವಳೇ. ಗಂಡ ಬೆಳಗಾದರೆ ತೋಟಕ್ಕೆ ಹೋಗುತ್ತಾನೆ, ಕೊಬ್ಬರಿ ತುಂಬಿಕೊಂಡು ಅರಸೀಕೆರೆ ಮಂಡಿಗೆ ಹೋಗುತ್ತಾನೆ. ದಾರಿಯಲ್ಲಿ ಯಾರೋ ‘ಏನಪ್ಪಾ, ಇನ್ನೂ ಸಿಹಿ ಹಂಚಲಿಲ್ಲವಲ್ಲ’ ಎಂದರೆ ನಕ್ಕಂತೆ ಮಾಡಿ ಮುಂದೆ ನಡೆಯುತ್ತಾನೆ. ಅವನ ಎದೆಯೊಳಗಿನದನ್ನು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಇವತ್ತು ಅಂಥ ಗಂಡಸಿನ ವಿಚಾರ ಮಾತಾಡೋಣ. ಮಹಾಭಾರತದಲ್ಲೇ ಅಂಥವನೊಬ್ಬನಿದ್ದಾನೆ. ಅವನ ಹೆಸರು ಅಧಿರಥ.

ಕರ್ಣ ಎಂದಾಕ್ಷಣ ನಾವು ಕುಂತಿಯನ್ನು ನೆನೆಯುತ್ತೇವೆ, ಸೂರ್ಯನನ್ನು ನೆನೆಯುತ್ತೇವೆ. ಸಾಕಿದ ಅಪ್ಪನನ್ನು ‘ಒಬ್ಬ ಸೂತ’ ಎಂದು ಹೇಳಿ ದಾಟಿಬಿಡುತ್ತೇವೆ. ವ್ಯಾಸರು ಹಾಗೆ ದಾಟಿಲ್ಲ. ಅಧಿರಥ, ಅವನ ಹೆಂಡತಿ ರಾಧೆ ಇಬ್ಬರೂ ಮಕ್ಕಳಿಗಾಗಿ ಹಂಬಲಿಸಿದವರು. ಗಂಗೆಯಲ್ಲಿ ತೇಲಿ ಬಂದ ಪೆಟ್ಟಿಗೆ ಮೊದಲು ಬಿದ್ದದ್ದು ರಾಧೆಯ ಕಣ್ಣಿಗೆ. ಅದನ್ನು ನೀರಿನಿಂದೆತ್ತಿ ಮುಚ್ಚಳ ತೆರೆದವನು ಅಧಿರಥ. ಒಳಗಿದ್ದ ಕೂಸನ್ನು ಕಂಡು ಇದು ಯಾರ ಪಾಪವೋ, ಯಾವ ಕುಲವೋ ಎಂದು ಅವನು ಕೇಳಲಿಲ್ಲ. ಮಕ್ಕಳಿಲ್ಲದ ನನಗೆ ದೇವರೇ ಕೊಟ್ಟ ಮಗ ಎಂದು ಹೆಂಡತಿಯ ಮಡಿಲಿಗಿಟ್ಟ. ಜಾತಕರ್ಮ ಮಾಡಿಸಿದ, ವಸುಷೇಣ ಎಂದು ಹೆಸರಿಡಿಸಿದ, ಪ್ರಾಯಕ್ಕೆ ಬಂದಾಗ ಮದುವೆ ಮಾಡಿದ. ಆಮೇಲೆ ಅವನಿಗೆ ಸ್ವಂತ ಮಕ್ಕಳೂ ಹುಟ್ಟಿದರು. ಆದರೂ ಹಿರಿಯ ಮಗನ ಜಾಗ ಕರ್ಣನಿಗೇ ಉಳಿಯಿತು.

ಹಸ್ತಿನಾಪುರದ ರಂಗಭೂಮಿಯ ಸಂದರ್ಭ ನಿಮಗೆಲ್ಲ ಗೊತ್ತು. ದುರ್ಯೋಧನ ಕರ್ಣನಿಗೆ ಅಂಗರಾಜ್ಯದ ಪಟ್ಟ ಕಟ್ಟಿದ್ದಾನೆ, ಅಭಿಷೇಕದ ನೀರು ತಲೆಯಿಂದ ಇನ್ನೂ ಇಳಿಯುತ್ತಿದೆ. ಆಗ ಆ ಜನಜಂಗುಳಿಯೊಳಕ್ಕೆ ಮುದುಕನೊಬ್ಬ ಬರುತ್ತಾನೆ. ಉತ್ತರೀಯ ಜಾರಿದೆ, ಮೈಯೆಲ್ಲ ಬೆವರು, ಕೋಲೂರಿಕೊಂಡು ನಡುಗುತ್ತ ಬರುತ್ತಿದ್ದಾನೆ. ಕರ್ಣ ಕೈಯಲ್ಲಿದ್ದ ಬಿಲ್ಲು ಬಿಟ್ಟು, ಅಭಿಷೇಕದಲ್ಲಿ ನೆಂದ ತಲೆಯನ್ನು ಅಪ್ಪನ ಮುಂದೆ ಬಾಗಿಸುತ್ತಾನೆ. ಮುದುಕ ಗಡಿಬಿಡಿಯಲ್ಲಿ ಬಟ್ಟೆಯ ಸೆರಗಿನಿಂದ ತನ್ನ ಪಾದ ಮುಚ್ಚಿಕೊಳ್ಳುತ್ತಾನೆ. ಮಗನನ್ನು ಅಪ್ಪಿಕೊಂಡಾಗ ಅವನ ಕಣ್ಣೀರಿನಿಂದ ಆ ತಲೆ ಎರಡನೇ ಸಲ ನೆನೆಯುತ್ತದೆ. ಭೀಮ ನಗುತ್ತಾನೆ, ನೀನು ಚಾವಟಿ ಹಿಡಿಯಲಿಕ್ಕೇ ಲಾಯಕ್ಕು ಎನ್ನುತ್ತಾನೆ. ಕರ್ಣ ಅಪ್ಪನನ್ನು ಮರೆಮಾಚಲಿಲ್ಲ. ಮುಂದೆ ಕೃಷ್ಣನೇ ಬಂದು ಹುಟ್ಟಿನ ಗುಟ್ಟು ಹೇಳಿ, ರಾಜ್ಯವೇ ನಿನ್ನದು ಎಂದಾಗಲೂ ಅಧಿರಥ, ರಾಧೆಯರನ್ನು ಬಿಡಲಾರೆ ಎಂದ. ತನ್ನ ಮಲಮೂತ್ರ ಬಾಚಿದವಳು ರಾಧೆ ಎಂದು ನೆನೆಸಿಕೊಂಡ.

‘ಬೇರೆಯವರ ಮಗು ನನ್ನನ್ನು ಅಪ್ಪ ಅಂದೀತೇ?’ ಎಂದು ಒಳಗೊಳಗೇ ಅಂಜುವ ಗಂಡಂದಿರು ಈ ಪ್ರಸಂಗವನ್ನು ಓದಬೇಕು.

ಇನ್ನೊಂದು ಮಾತನ್ನು ಬಿಚ್ಚಿಯೇ ಹೇಳುತ್ತೇನೆ, ದೇವರ ಮುಂದೆ ಇದನ್ನು ಆಡಲು ಸಂಕೋಚ ಬೇಡ. ಬಸಿರು ನಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ದೇಹದ ಕಾರಣವೂ ಇರುತ್ತದೆ. ಪ್ರಾಯಕ್ಕೆ ಬಂದ ಮೇಲೆ ಆದ ಮಂಗನಬಾವು ಇರಬಹುದು, ವೃಷಣದ ರಕ್ತನಾಳ ಉಬ್ಬಿರಬಹುದು, ಬೀಡಿ ಸಿಗರೇಟೂ ಇರಬಹುದು. ವೀರ್ಯಪರೀಕ್ಷೆಗೆ ಸೂಜಿಯೂ ಬೇಡ, ಕತ್ತರಿಯೂ ಬೇಡ. ಆದರೂ ಹೆಂಡತಿ ಊರೂರು ಆಸ್ಪತ್ರೆ ಅಲೆದು, ನೋವು ತಿಂದ ಮೇಲೆ ಕೊನೆಗೆ ಗಂಡನ ಸರದಿ ಬರುತ್ತದೆ. ಕೆಲವರು ಅದಕ್ಕೂ ಒಪ್ಪುವುದಿಲ್ಲ. ಕೊರತೆ ತನ್ನದೆಂದು ಗೊತ್ತಾದ ಮೇಲೂ, ಅವ್ವ ಸೊಸೆಯನ್ನು ಬಂಜೆ ಎಂದು ಬೈಯುವಾಗ ಬಾಯಿ ಮುಚ್ಚಿಕೊಂಡು ಉಣ್ಣುವವರಿದ್ದಾರೆ. ಇದು ಪಾಪ. ಮಕ್ಕಳಾಗದಿರುವುದು ಪಾಪವಲ್ಲ, ಈ ಮೌನ ಪಾಪ.

ಹೆಂಡತಿಯ ಜೊತೆ ನಿಂತ ಗಂಡನೂ ನಮ್ಮ ನಾಡಿನಲ್ಲಿದ್ದ. ಮಾಗಡಿ ತಾಲ್ಲೂಕಿನ ಹುಲಿಕಲ್‌ನ ಚಿಕ್ಕಯ್ಯ ಕೂಲಿಯವನು. ಮಕ್ಕಳಿಲ್ಲ ಎಂಬ ಮಾತನ್ನು ಅವನೂ ಹೆಂಡತಿಯೂ ಕೂಡಿಯೇ ಹೊತ್ತರು. ಹುಲಿಕಲ್‌ನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿ ನೆಟ್ಟು, ದೂರದಿಂದ ಕೊಡಗಳಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದಂತೆ ಮುಳ್ಳುಬೇಲಿ ಕಟ್ಟಿದರು. 1991ರಲ್ಲಿ ಚಿಕ್ಕಯ್ಯ ತೀರಿಕೊಂಡ. ಹೆಂಡತಿ ಸಾಲುಮರದ ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಬಂತು. ಆ ತಾಯಿ ಉಮೇಶ್ ಎಂಬವರನ್ನು ಮಗನೆಂದು ಸ್ವೀಕರಿಸಿದ್ದರು, 2025ರ ನವೆಂಬರ್‌ನಲ್ಲಿ ಕಣ್ಣು ಮುಚ್ಚಿದರು. ತಿಮ್ಮಕ್ಕನನ್ನು ನಾಡೆಲ್ಲ ಬಲ್ಲದು. ಜೊತೆಗೆ ಕೊಡ ಹೊತ್ತ ಗಂಡನನ್ನೂ ನೆನೆಯುವುದು ನ್ಯಾಯ.

ವಂಶ ಉಳಿಯಬೇಕಲ್ಲ ಎನ್ನುತ್ತೀರಿ. ನಮ್ಮೂರು ಹಾರನಹಳ್ಳಿಯ ಚೆನ್ನಕೇಶವ ದೇವಾಲಯವನ್ನು 1235ರ ಸುಮಾರಿಗೆ ಕಟ್ಟಿಸಿದವರು ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಅಣ್ಣತಮ್ಮಂದಿರು. ಅವರಿಗೆ ಎಷ್ಟು ಮಕ್ಕಳಿದ್ದರು ಎಂದು ಇವತ್ತು ನಮ್ಮಲ್ಲಿ ಯಾರು ಕೇಳುತ್ತಾರೆ? ಹೆಸರು ಉಳಿಸಲು ಮಗುವೇ ಬೇಕಾಗಿಲ್ಲ. ಮಗು ಬೇಕಾಗಿರುವುದು ಎತ್ತಿ ಆಡಿಸುವುದಕ್ಕೆ, ಉಣ್ಣಿಸುವುದಕ್ಕೆ, ಜ್ವರ ಬಂದಾಗ ಪಕ್ಕದಲ್ಲಿ ಎಚ್ಚರವಿರುವುದಕ್ಕೆ.

ದತ್ತು ತೆಗೆದುಕೊಳ್ಳುವವರು ದಾರಿ ತಪ್ಪಬೇಡಿ. ಬಂಧುಬಳಗದೊಳಗಿನ ಮಗುವಾದರೆ 1956ರ ಹಿಂದೂ ದತ್ತಕ ಕಾಯಿದೆ ಇದೆ. ಅದರಂತೆ ಹೆಣ್ಣುಮಗುವನ್ನೂ ದತ್ತು ಪಡೆಯಬಹುದು. ಹೆಂಡತಿಯ ಒಪ್ಪಿಗೆಯಿಲ್ಲದೆ ಗಂಡನೊಬ್ಬನೇ ತೀರ್ಮಾನಿಸುವಂತಿಲ್ಲ. ದತ್ತಹೋಮ ಕಡ್ಡಾಯವಲ್ಲ, ಕೊಡುವವರು ಕೊಟ್ಟು ಪಡೆಯುವವರು ಪಡೆಯುವುದೇ ಮುಖ್ಯ. ಪತ್ರವನ್ನು ನೋಂದಾಯಿಸಿಕೊಳ್ಳಿ. ಅನಾಥ ಮಗುವಾದರೆ ಸರ್ಕಾರದ ದತ್ತು ವ್ಯವಸ್ಥೆಯಲ್ಲಿ ಹೆಸರು ಬರೆಸಿ. ಅಧಿಕಾರಿಗಳು ಮನೆಗೆ ಬಂದು ನೋಡುತ್ತಾರೆ, ಕೊನೆಯ ಆದೇಶ ಜಿಲ್ಲಾಧಿಕಾರಿಗಳದು. ಕಾಯಬೇಕಾಗುತ್ತದೆ, ಕಾಯಿರಿ. ಎಲ್ಲಾದರೂ ಬಿಟ್ಟುಹೋದ ಕೂಸು ಸಿಕ್ಕಿದರೆ ಗುಟ್ಟಾಗಿ ಇಟ್ಟುಕೊಳ್ಳದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡು ಕೊಟ್ಟು ಮಗು ತರುವ ಮಾತಂತೂ ಬೇಡವೇ ಬೇಡ.

ಇಲ್ಲಿ ಕೂತಿರುವ ಗಂಡಂದಿರಲ್ಲಿ ನನ್ನ ವಿನಂತಿ ಇಷ್ಟು. ಪರೀಕ್ಷೆಗೆ ಮೊದಲು ನೀವು ಹೋಗಿ. ಹೆಂಡತಿಗೆ ಬೈಗುಳ ಬಿದ್ದಾಗ ಮೊದಲು ನೀವು ಮಾತಾಡಿ. ಇನ್ನು ಊರಿನ ಹಿರಿಯರೇ, ತಾಯಂದಿರೇ, ದತ್ತು ಬಂದ ಮಗುವಿನ ನಾಮಕರಣಕ್ಕೆ ಕರೆ ಬಂದರೆ ತಪ್ಪದೆ ಹೋಗಿ, ತೊಟ್ಟಿಲು ತೂಗಿ, ಜೋಗುಳ ಹಾಡಿ. ಮೂಗು ಯಾರ ಹಾಗಿದೆ, ಬಣ್ಣ ಯಾರದು ಎಂದು ಮಾತ್ರ ಕೇಳಬೇಡಿ.